ಅಂಡಾಶಯದ ನೀರುಗುಳ್ಳೆಯೂ ಅರ್ಬುದದ ಭಯವೂ

ಹೊಟ್ಟೆನೋವೆಂದು ಸ್ಕ್ಯಾನಿಂಗಿಗೆ ಹೋಗಿಬಂದ ಮಗಳ ಚೀಟಿಯಲ್ಲಿ ‘ಅಂಡಾಶಯದಲ್ಲಿ ಸಿಸ್ಟ್’ ಎಂಬ ಮಾತು ಕಂಡಿತೆಂದರೆ ನಮ್ಮ ನಿಟ್ಟುವಳ್ಳಿಯ ತಾಯಂದಿರಿಗೆ ಆ ರಾತ್ರಿ ನಿದ್ರೆ ಹತ್ತದು. ಇದು ಮುಂದೆ ಅರ್ಬುದವಾದೀತೆ, ಮಗಳಿಗೆ ಮಕ್ಕಳಾದಾವೆ, ಸಂಬಂಧ ಕೂಡಿಬಂದೀತೆ ಎಂಬ ಚಿಂತೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಯುಕ್ತವೆಂದು ನಮಗೆ ತೋರಿತು.

ಋತುಮತಿಯಾದ ಸ್ತ್ರೀಯ ಅಂಡಾಶಯದಲ್ಲಿ ತಿಂಗಳಿಗೊಮ್ಮೆ ಒಂದು ಸಣ್ಣ ಕೋಶವು ನೀರು ತುಂಬಿಕೊಂಡು, ಸುಮಾರು 2 ಸೆಂಟಿಮೀಟರಿನಷ್ಟು ಬೆಳೆದು, ಒಡೆದು ಅಂಡವನ್ನು ಹೊರಬಿಡುತ್ತದೆ. ಯಾವುದೋ ತಿಂಗಳು ಅದು ಒಡೆಯದೆ ಹಾಗೆಯೇ ಉಬ್ಬುತ್ತ ಹೋದರೆ ಅದೇ ನೀರುಗುಳ್ಳೆ. ಇಂಥವುಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುವುವು. ‘ಕೆಲವು ವಾರ ಬಿಟ್ಟು ಮತ್ತೆ ನೋಡೋಣ’ ಎಂದು ವೈದ್ಯರು ಹೇಳಿದರೆ ಅದನ್ನು ಉದಾಸೀನವೆಂದು ತಿಳಿಯಬಾರದು. ಬಹಳ ಸಲ ಅದೇ ಸರಿಯಾದ ಚಿಕಿತ್ಸೆ.

ಕರಗದ ಗುಳ್ಳೆಗಳೂ ಉಂಟು. ಡರ್ಮಾಯ್ಡ್ ಎಂಬುದರೊಳಗೆ ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲು ಸಹ ಇರುವುದು. ಇದನ್ನು ಮಾಟವೆಂದು ಹೆದರುವವರು ಇದ್ದಾರೆ. ಅಂಡದ ಕಣಗಳಿಗೆ ಎಲ್ಲ ಅಂಗಗಳನ್ನೂ ಕಟ್ಟುವ ಶಕ್ತಿಯಿರುವುದರಿಂದ ಹೀಗಾಗುವುದೇ ಹೊರತು ಬೇರೇನೂ ಅಲ್ಲ. ಗರ್ಭಕೋಶದ ಒಳಪೊರೆಯಂಥ ಪದರವು ಅಂಡಾಶಯದಲ್ಲಿ ಬೆಳೆದು ಹಳೆಯ ರಕ್ತ ತುಂಬಿಕೊಂಡದ್ದಕ್ಕೆ ಚಾಕೊಲೇಟ್ ಸಿಸ್ಟ್ ಎನ್ನುವರು. ಇವುಗಳಿಗೆ ಶಸ್ತ್ರಚಿಕಿತ್ಸೆ ಬೇಕಾದರೂ ಕಿರಿಯ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಗುಳ್ಳೆಯನ್ನಷ್ಟೇ ತೆಗೆದು ಅಂಡಾಶಯವನ್ನು ಉಳಿಸುವರು. ಗುಳ್ಳೆಯಿರುವವಳಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ತಡೆಯಲಾರದ ನೋವೂ ವಾಂತಿಯೂ ಬಂದರೆ ಮಾತ್ರ ಬೆಳಗಾಗುವ ತನಕ ಕಾಯತಕ್ಕದ್ದಲ್ಲ. ಅಂಡಾಶಯವು ತಿರುಚಿಕೊಂಡು ರಕ್ತಸಂಚಾರ ನಿಂತಿರಬಹುದು.

ಇನ್ನು ಅರ್ಬುದದ ಮಾತು. ಒಳಗೆ ನೀರು ಮಾತ್ರವಿದ್ದು ಗೋಡೆ ತೆಳುವಾಗಿರುವ ಸಾದಾ ಗುಳ್ಳೆಯಿಂದ ಅರ್ಬುದದ ಅಪಾಯ ಹೆಚ್ಚುವುದಿಲ್ಲವೆಂದು ಅಮೆರಿಕೆಯಲ್ಲಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಒಳಗೆ ಗಟ್ಟಿ ಭಾಗಗಳಿದ್ದರೆ, ಮುಟ್ಟು ನಿಂತ ಮೇಲೆ ಗುಳ್ಳೆ ಕಾಣಿಸಿಕೊಂಡರೆ, ತಾಯಿಗೋ ಅಕ್ಕತಂಗಿಯರಿಗೋ ಸ್ತನದ ಅಥವಾ ಅಂಡಾಶಯದ ಅರ್ಬುದವಾಗಿದ್ದರೆ ಹೆಚ್ಚಿನ ಪರೀಕ್ಷೆ ಅವಶ್ಯ. ಸಿಎ 125 ಎಂಬ ರಕ್ತಪರೀಕ್ಷೆಯ ಅಂಕಿಯೊಂದನ್ನೇ ನೋಡಿ ಗಾಬರಿಯಾಗುವುದು ಬೇಡ. ಮುಟ್ಟಿನ ದಿನಗಳಲ್ಲಿಯೂ ಹೊಟ್ಟೆಯ ಕ್ಷಯದಲ್ಲಿಯೂ ಅದು ಏರುವುದುಂಟು. ಇಂಗ್ಲೆಂಡ್ ಮೊದಲಾದೆಡೆ ಎರಡು ಲಕ್ಷಕ್ಕೂ ಮಿಕ್ಕಿದ ಆರೋಗ್ಯವಂತ ಸ್ತ್ರೀಯರ ಮೇಲೆ ನಡೆದು 2021ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ, ವರ್ಷವರ್ಷ ಪರೀಕ್ಷಿಸಿದ್ದರಿಂದ ಈ ರೋಗದ ಮರಣಗಳು ತಗ್ಗಲಿಲ್ಲ.

ಭಯವು ತಾನೇ ಅಪಾಯವಾದದ್ದನ್ನು ನಮ್ಮ ನಾಡೇ ಕಂಡಿದೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಹಾಗೂ ದಲಿತ ಸ್ತ್ರೀಯರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದಾಗ, ಕ್ಯಾನ್ಸರ್ ಆದೀತೆಂದು ಹೆದರಿಸಿ ಗರ್ಭಕೋಶವನ್ನೇ ತೆಗೆದರೆಂಬ ದೂರುಗಳು 2015ರಲ್ಲಿ ಹೊರಬಿದ್ದವು. ಅವರಲ್ಲಿ ಅನೇಕರು ಇನ್ನೂ ನಲವತ್ತು ದಾಟದವರು. ಅಂಗವನ್ನು ತೆಗೆಯಬೇಕೆಂದು ಯಾರು ಹೇಳಿದರೂ ಚೀಟಿಗಳನ್ನೆಲ್ಲ ಕೈಯಲ್ಲಿ ಹಿಡಿದು ಮತ್ತೊಬ್ಬ ವೈದ್ಯರನ್ನು ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ; ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆಯಿದೆ, ಅರ್ಬುದದ ಸಂದೇಹವಿದ್ದರೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ.

ಐವತ್ತು ದಾಟಿದ ತಾಯಂದಿರಿಗೆ ಒಂದು ಮಾತು ಉಳಿದಿದೆ. ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವು ಹೊಸದಾಗಿ ತೋರಿ ಎರಡು ಮೂರು ವಾರ ಬಿಡದೆ ನಡೆದರೆ ವಾಯುವೆಂದು ಓಮಿನ ನೀರು ಕುಡಿದು ಸುಮ್ಮನಿರದೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳತಕ್ಕದ್ದು. ಮಗಳ ಚೀಟಿಗಾಗಿ ನಿದ್ರೆಗೆಡುವ ತಾಯಿಯು ತನ್ನ ಹೊಟ್ಟೆಯುಬ್ಬರವನ್ನು ಹೇಳಿಕೊಳ್ಳದೆಯೇ ತಿಂಗಳುಗಳನ್ನು ಕಳೆಯುವುದು ಹೆಚ್ಚು.