ಪರದೇಶದಲ್ಲಿ ಬಿ.ಕಾಂ. ಪದವಿಯ ಬೆಲೆ

ಕೆಲವು ತಿಂಗಳ ಹಿಂದೆ ಉಡುಪಿಯ ಕಡೆಯ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಹಿರಿಯ ಮಗನು ಬಿ.ಕಾಂ. ಪರೀಕ್ಷೆಯಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿದ್ದನು. ದುಬೈಗೆ ಹೋಗಿ ಲೆಕ್ಕಪತ್ರದ ಕೆಲಸ ಹುಡುಕಬೇಕೆಂಬುದು ಮಗನ ಹಟ. ಅದರ ವೆಚ್ಚಕ್ಕಾಗಿ ಮನೆಯಾಕೆಯ ಬಳೆಗಳನ್ನು ಅಡವಿಡಬೇಕೆ ಎಂಬುದು ತಂದೆಯ ಚಿಂತೆ. “ಅಲ್ಲಿಯವರು ನಮ್ಮ ಬಿ.ಕಾಂ. ಪದವಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೋ, ಸ್ವಾಮಿ?” ಎಂದು ಅವರು ಕೇಳಿದರು. ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ. ವಾಚಕರ ಅನೇಕ ಮನೆಗಳಲ್ಲಿಯೂ ಈ ಪ್ರಶ್ನೆಯು ಇರಬಹುದಾದುದರಿಂದ, ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತೇವೆ.

ಮೊದಲು ಹೆಸರಿನ ಸಂಗತಿ. ಕಳೆದ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಆಶ್ಲಿ ಎಂಬ ಪಂಡಿತರು ವಾಣಿಜ್ಯ ಶಿಕ್ಷಣಕ್ಕೆ ನೆಲೆ ಕಟ್ಟಿದರು. ನಮ್ಮ ದೇಶದಲ್ಲಿ ೧೯೧೩ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ಸ್ಥಾಪಿತವಾಯಿತು. ವಿನೋದವೇನೆಂದರೆ, ಇಂದು ಇಂಗ್ಲೆಂಡಿನಲ್ಲಿಯೇ ಬಿ.ಕಾಂ. ಎಂಬ ಹೆಸರು ವಿರಳ. ಲೆಕ್ಕಶಾಸ್ತ್ರ ಓದಿದವರು ಸಾಮಾನ್ಯವಾಗಿ ಬಿ.ಎಸ್ಸಿ. ಅಥವಾ ಬಿ.ಎ. ಎನಿಸಿಕೊಳ್ಳುತ್ತಾರೆ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಈ ಹೆಸರಿನ ಬಳಕೆ ಚೆನ್ನಾಗಿಯೇ ಉಂಟು.

ಅಮೆರಿಕದಲ್ಲಿ ತೊಡಕು ವರ್ಷಗಳದು. ಅಲ್ಲಿ ಪದವಿಯ ವ್ಯಾಸಂಗವು ನಾಲ್ಕು ವರ್ಷ, ನಮ್ಮದು ಸಾಮಾನ್ಯವಾಗಿ ಮೂರು. ಎಚ್-೧ಬಿ ಎಂಬ ಉದ್ಯೋಗ ವೀಸಾದ ನಿಯಮದಲ್ಲಿ, ಕೊರತೆಯಾದ ಒಂದು ವರ್ಷದ ಓದಿಗೆ ಬದಲು ಮೂರು ವರ್ಷದ ತಕ್ಕ ಅನುಭವವನ್ನು ತೋರಿಸಲು ಅವಕಾಶವಿದೆ. ಕರ್ನಾಟಕದಲ್ಲಿ ೨೦೨೧ರಲ್ಲಿ ನಾಲ್ಕು ವರ್ಷದ ಆನರ್ಸ್ ಕ್ರಮವು ಆರಂಭವಾಗಿ, ೨೦೨೪ರಲ್ಲಿ ಸರ್ಕಾರವು ಮತ್ತೆ ಮೂರು ವರ್ಷಕ್ಕೆ ಮರಳಿತಷ್ಟೆ. ಮಕ್ಕಳನ್ನು ಆ ದೇಶಕ್ಕೆ ಕಳುಹಿಸುವ ಯೋಚನೆಯುಳ್ಳವರು ಇದನ್ನು ಕಾಲೇಜು ಸೇರಿಸುವಾಗಲೇ ವಿಚಾರಿಸತಕ್ಕದ್ದು.

ಇನ್ನು ದುಬೈಯ ಮಾತು. ಅಲ್ಲಿ ಬಿ.ಕಾಂ. ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ ಕಂಪೆನಿಗಳ ಲೆಕ್ಕದ ಕೋಣೆಗಳಲ್ಲಿ ನಮ್ಮವರು ಬಹುಕಾಲದಿಂದ ಕುಳಿತಿದ್ದಾರೆ. ಮೊದಲು ತೆರಿಗೆಯ ಗೊಡವೆಯೇ ಅಷ್ಟಾಗಿ ಇಲ್ಲದಿದ್ದ ಆ ನಾಡಿನಲ್ಲಿ ೨೦೧೮ರ ಜನವರಿಯಿಂದ ಶೇಕಡಾ ೫ರ ಮೌಲ್ಯವರ್ಧಿತ ತೆರಿಗೆಯೂ, ೨೦೨೩ರಿಂದ ಕಂಪೆನಿಗಳ ಲಾಭದ ಮೇಲೆ ಶೇಕಡಾ ೯ರ ತೆರಿಗೆಯೂ ಬಂದುವು. ಆದಕಾರಣ ಲೆಕ್ಕ ಬಲ್ಲವರಿಗೆ ಕೆಲಸವುಂಟು. ಪರಂತು ಪದವಿಯನ್ನು ಎಲ್ಲರೂ ತರುವುದರಿಂದ, ಯಜಮಾನನು ಅದರಾಚೆಗೆ ಕಣ್ಣು ಹಾಯಿಸುತ್ತಾನೆ. ಎಷ್ಟು ವರ್ಷ ಲೆಕ್ಕ ಬರೆದಿದ್ದೀ? ವರ್ಷದ ಕೊನೆಯ ಆಯವ್ಯಯವನ್ನು ಒಬ್ಬನೇ ಮುಗಿಸಬಲ್ಲೆಯಾ? ತೆರಿಗೆಯ ತಃಖ್ತೆಗಳನ್ನು ತುಂಬಿ ಬಲ್ಲೆಯಾ? ನಮ್ಮ ಹುಡುಗನು ಕಾಲೇಜಿನಲ್ಲಿ ಕಲಿತ ಜಿ.ಎಸ್.ಟಿ. ಮತ್ತು ಆದಾಯ ತೆರಿಗೆಯ ಕಾನೂನುಗಳು ಅಲ್ಲಿ ನಡೆಯವು. ಜಮಾಖರ್ಚಿನ ತತ್ತ್ವವೊಂದೇ ಜೊತೆಯಲ್ಲಿ ಹೋಗುವುದು. ಪದವಿ ಬೇಕಾದ ಹುದ್ದೆಗೆ ಪ್ರಮಾಣಪತ್ರದ ಮೇಲೆ ರಾಜ್ಯ ಸರ್ಕಾರದ, ವಿದೇಶಾಂಗ ಸಚಿವಾಲಯದ ಮತ್ತು ಆ ದೇಶದ ರಾಯಭಾರಿ ಕಚೇರಿಯ ದೃಢೀಕರಣಗಳೂ ಬೇಕು. ಸೌದಿ ಅರೇಬಿಯದಲ್ಲಿಯಾದರೋ ಲೆಕ್ಕಿಗರು ಅಲ್ಲಿನ ಲೆಕ್ಕಿಗರ ಸಂಸ್ಥೆಯಲ್ಲಿ ಹೆಸರನ್ನು ನೋಂದಾಯಿಸಬೇಕು.

ಬಳೆಗಳ ವಿಷಯದಲ್ಲಿ ಒಂದು ಮಾತು. ಸಂಯುಕ್ತ ಅರಬ್ ಸಂಸ್ಥಾನಗಳ ೨೦೨೧ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕದ ವೆಚ್ಚವು ಯಜಮಾನನದು. ನೌಕರನಿಂದ ಅದನ್ನು ವಸೂಲು ಮಾಡತಕ್ಕದ್ದಲ್ಲ. ಕೆಲಸ ಕೊಡುವೆನೆಂದು ಮುಂಗಡ ಕೇಳುವವನ ಮುಂದೆ ಈ ಮಾತನ್ನು ಎತ್ತಿ ನೋಡಬಹುದು. ಸಂದರ್ಶನದ ವೀಸಾದ ಮೇಲೆ ಹೋಗಿ ದುಡಿಯುವುದು ಅಲ್ಲಿ ಅಪರಾಧ.

ಹಾಗಾದರೆ ಹುಡುಗನು ಮಾಡತಕ್ಕದ್ದೇನು? ನಮ್ಮ ದೇಶದ ಸಿ.ಎ. ಪರೀಕ್ಷೆಗೆ ಕೊಲ್ಲಿಯ ನಾಡುಗಳಲ್ಲಿ ಒಳ್ಳೆಯ ಮನ್ನಣೆಯಿದೆ. ೧೯೦೪ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎ.ಸಿ.ಸಿ.ಎ. ಸಂಸ್ಥೆಯು ನಮ್ಮ ಬಿ.ಕಾಂ. ಪದವೀಧರರಿಗೆ ಕೆಲವು ಪತ್ರಿಕೆಗಳ ವಿನಾಯಿತಿಯನ್ನು ಕೊಡುತ್ತದೆ. ಅಮೆರಿಕದ ಸಿ.ಪಿ.ಎ. ಪರೀಕ್ಷೆಯನ್ನು ೨೦೨೦ರಿಂದ ಭಾರತದಲ್ಲಿಯೇ ಬರೆಯಬಹುದು. ಪರದೇಶದ ಯಜಮಾನರೇ ಬೆಂಗಳೂರಿನಲ್ಲಿ ಕಚೇರಿಗಳನ್ನು ತೆರೆದು ತಮ್ಮ ಲೆಕ್ಕಗಳನ್ನು ಇಲ್ಲಿ ಬರೆಸುತ್ತಿರುವುದರಿಂದ, ಮನೆಯ ಊಟ ಬಿಡದೆ ಅನುಭವ ಪಡೆಯುವ ದಾರಿಯೂ ಉಂಟು.

ಮೊನ್ನೆ ಆ ಗೃಹಸ್ಥರಿಂದ ಕಾಗದ ಬಂದಿತು. ಮಗನು ಉಡುಪಿಯಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಹೋಗುತ್ತಿದ್ದಾನಂತೆ, ಸಂಬಳ ಸ್ವಲ್ಪವೇ. ದುಬೈಯ ಆಸೆ ಬಿಟ್ಟಿಲ್ಲವಂತೆ, ತಂದೆಯೊಡನೆ ಮಾತೂ ಕಡಮೆಯಂತೆ. ಬಳೆಗಳು ಮಾತ್ರ ಇನ್ನೂ ಆ ತಾಯಿಯ ಕೈಯಲ್ಲಿಯೇ ಇರುವುವು.