ಎದೆಯ ಮೇಲಿನ ಗುರುತು

ಈದ್ ಬಟ್ಟೆಗೆಂದು ಅಂಗಡಿಗೆ ಹೋದರೆ ನಮ್ಮ ಹುಡುಗರು ಮೊದಲು ನೋಡುವುದು ಬ್ರ್ಯಾಂಡಿನ ಗುರುತನ್ನು. ಈ ರೂಢಿ ಎಲ್ಲಿಂದ ಬಂತು?

ಹಿಂದೆ ತಯಾರಕರ ಹೆಸರು ಕಾಲರಿನ ಒಳಗಿರುತ್ತಿತ್ತು. 1933ರಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ಟ್ ಕಂಪನಿ ಕಟ್ಟಿ, ಅಂಗಿಯ ಎದೆಯ ಮೇಲೆ ಮೊಸಳೆಯ ಚಿತ್ರ ಹಾಕಿದರು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ವಿನ್ಯಾಸಕಾರರ ಹೆಸರು ಜೀನ್ಸ್ ಪ್ಯಾಂಟಿನ ಹಿಂಜೇಬಿಗೂ ಬಂತು. 1982ರಲ್ಲಿ ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಡ್ಯಾಪರ್ ಡ್ಯಾನ್ ಎಂಬವರು ಅಂಗಡಿ ತೆರೆದರು. ಗುಚ್ಚಿ, ಫೆಂಡಿಯಂಥ ಕಂಪನಿಗಳ ಗುರುತನ್ನು ಅನುಮತಿಯಿಲ್ಲದೆ ಚರ್ಮದ ಮೇಲೆ ಅಚ್ಚುಹಾಕಿ ಜಾಕೆಟ್ ಹೊಲಿಸಿದರು. ರ‍್ಯಾಪ್ ಗಾಯಕರು ತೊಟ್ಟದ್ದನ್ನು ಓಣಿಯ ಹುಡುಗರೂ ಬಯಸಿದರು. ಕಂಪನಿಗಳು ಕಾನೂನಿನ ಮೊರೆಹೋದವು, 1992ರಲ್ಲಿ ಅಂಗಡಿ ಮುಚ್ಚಿತು. 2017ರಲ್ಲಿ ಗುಚ್ಚಿಯೇ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು!

ಬಡತನ, ವರ್ಣಭೇದಗಳ ನಡುವೆ ಬೆಳೆದ ಆ ಹುಡುಗರಿಗೆ ಬೇಕಿದ್ದುದು ಮರ್ಯಾದೆ. ದುಬಾರಿ ಗುರುತು ಅದನ್ನು ಸ್ವಲ್ಪ ಹೊತ್ತಿಗೆ ತಂದುಕೊಡುತ್ತಿತ್ತು. ನಮ್ಮ ಮಕ್ಕಳ ಹಸಿವೂ ಅದೇ. ಶುಭ್ರವಾದ, ಚಂದದ ಉಡುಪಿಗೆ ಇಸ್ಲಾಮಿನಲ್ಲಿ ಅಡ್ಡಿಯಿಲ್ಲ. ಅಡ್ಡಿಯಿರುವುದು ತೋರಿಕೆಗೆ, ದುಂದುವೆಚ್ಚಕ್ಕೆ. ಹಾಗಾಗಿ ಸಾಲ ಮಾಡಿ ಅಂಗಿ ಕೊಡಿಸಬೇಡಿ, ಕೇಳಿದ ಮಗನನ್ನು ಗದರಲೂ ಬೇಡಿ. ಮನೆಯಲ್ಲಿ ಅವನ ಮಾತಿಗೆ ಬೆಲೆ ಕೊಡಿ, ಅವನ ಒಳ್ಳೆಯ ಕೆಲಸವನ್ನು ನಾಲ್ಕು ಜನರೆದುರು ಮೆಚ್ಚಿ ಮಾತಾಡಿ. ಮನೆಯಲ್ಲಿ ಮರ್ಯಾದೆ ಸಿಕ್ಕವನು ಅದನ್ನು ಅಂಗಡಿಯಲ್ಲಿ ಹುಡುಕುವುದು ಕಡಿಮೆ.