ಡೇವಿಡ್ ಲೀನ್: ಹದಿನಾಲ್ಕು ವರ್ಷದ ಮೌನ ಮುರಿದದ್ದು ಸಾವನದುರ್ಗದ ನೆರಳಲ್ಲಿ

'ರಯಾನ್ಸ್ ಡಾಟರ್' ಚಿತ್ರ 1970ರಲ್ಲಿ ತೆರೆಕಂಡ ಬಳಿಕ ಅಮೆರಿಕದ ಚಲನಚಿತ್ರ ವಿಮರ್ಶಕರ ರಾಷ್ಟ್ರೀಯ ಸಂಘವು ಅದರ ನಿರ್ದೇಶಕರನ್ನು ನ್ಯೂಯಾರ್ಕಿನ ಅಲ್ಗಾಂಕ್ವಿನ್ ಹೋಟೆಲಿಗೆ ಆಹ್ವಾನಿಸಿತ್ತು. ಆಗ ಡೇವಿಡ್ ಲೀನ್ ಅವರಿಗೆ 62 ವರ್ಷ. ನಿರ್ದೇಶನಕ್ಕಾಗಿ ಎರಡು ಬಾರಿ ಆಸ್ಕರ್ ಪಡೆದವರು. ಹೊಸ ಚಿತ್ರದ ಬಗ್ಗೆ ನಾಲ್ಕು ಮಾತಾಡುವ ಸೌಜನ್ಯದ ಕೂಟವೆಂದು ಭಾವಿಸಿ ಹೋದ ಅವರಿಗೆ ಅಲ್ಲಿ ಕಾದಿದ್ದುದು ಬೇರೆಯೇ. 'ಬ್ರೀಫ್ ಎನ್‌ಕೌಂಟರ್' ಮಾಡಿದ ವ್ಯಕ್ತಿ ಇಂಥದೊಂದು ಕಸವನ್ನು ಮಾಡಿದ್ದಾದರೂ ಹೇಗೆ ಎಂಬ ಅರ್ಥದ ಪ್ರಶ್ನೆಯನ್ನು ವಿಮರ್ಶಕ ರಿಚರ್ಡ್ ಶಿಕಲ್ ಅವರ ಮುಖಕ್ಕೇ ಎಸೆದರು. ಪಾಲಿನ್ ಕೇಲ್ ಅವರಂಥ ಪ್ರಭಾವಿ ಬರಹಗಾರ್ತಿಯೂ ದಾಳಿಗೆ ದನಿಗೂಡಿಸಿದರು. ನೀವೆಲ್ಲ ನನ್ನನ್ನು ಕಪ್ಪು ಬಿಳುಪಿನ ಪುಟ್ಟ ಚಿತ್ರಗಳಿಗೆ ಇಳಿಸುವವರೆಗೆ ಬಿಡುವವರಲ್ಲ ಎಂದು ಲೀನ್ ನೊಂದು ನುಡಿದಾಗ, ಇಲ್ಲ, ಬಣ್ಣಕ್ಕೆ ಅನುಮತಿ ಕೊಡುತ್ತೇವೆ ಎಂದು ಕೇಲ್ ಉತ್ತರಿಸಿದರಂತೆ.

ಲೀನ್ ಅವರ ಮುಂದಿನ ಚಿತ್ರ ತೆರೆಗೆ ಬಂದದ್ದು 1984ರಲ್ಲಿ. ನಡುವಿನ 14 ವರ್ಷಗಳಿಗೆ ಆ ಮಧ್ಯಾಹ್ನವೇ ಕಾರಣ ಎಂಬ ಕಥೆ ಸಿನಿಮಾ ವಲಯದಲ್ಲಿ ಪುರಾಣದಂತೆ ಬೆಳೆದಿದೆ. ಲೀನ್ ಅವರೇ ಸಂದರ್ಶನಗಳಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಕೊಂಡದ್ದುಂಟು. ಆದರೆ ಅವರ ವೃತ್ತಿಜೀವನವನ್ನು ಮೊದಲಿನಿಂದ ಗಮನಿಸಿದರೆ ಆ ಪುರಾಣ ಅರ್ಧಸತ್ಯ ಮಾತ್ರ ಎಂಬುದು ತಿಳಿಯುತ್ತದೆ.

ಲಂಡನ್ ಸಮೀಪದ ಕ್ರಾಯ್ಡನ್‌ನಲ್ಲಿ 1908ರ ಮಾರ್ಚ್ 25ರಂದು ಜನಿಸಿದ ಲೀನ್ ಅವರದು ಕಟ್ಟುನಿಟ್ಟಿನ ಕ್ವೇಕರ್ ಕುಟುಂಬ. ಆ ಮನೆಯಲ್ಲಿ ಸಿನಿಮಾ ನಿಷಿದ್ಧ. ತಂದೆ ಲೆಕ್ಕಪರಿಶೋಧಕರು. ಮಗನೂ ಅದೇ ದಾರಿ ಹಿಡಿಯಬೇಕಿತ್ತು. ಅಂಕಿಗಳ ನಡುವೆ ಉಸಿರುಗಟ್ಟಿದ ಯುವಕ 1927ರಲ್ಲಿ ಗಾಮಾಂಟ್ ಸ್ಟುಡಿಯೋ ಸೇರಿದ್ದು ಚಹಾ ತಂದುಕೊಡುವ ಹುಡುಗನಾಗಿ. ಕ್ಲ್ಯಾಪ್ ಹೊಡೆಯುವ ಕೆಲಸ, ಸಹಾಯಕನ ಕೆಲಸ ಎಲ್ಲವನ್ನೂ ದಾಟಿ ಕೊನೆಗೆ ನೆಲೆನಿಂತದ್ದು ಸಂಕಲನದ ಕೋಣೆಯಲ್ಲಿ. ವಾರ್ತಾಚಿತ್ರಗಳ ಸಂಕಲನ ಅವರಿಗೆ ವೇಗವನ್ನು ಕಲಿಸಿತು. 1930ರ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಅತ್ಯುತ್ತಮ ಸಂಕಲನಕಾರ ಎಂಬ ಹೆಸರು ಬಂದಿತ್ತು. ಲೀನ್ ಎಂದರೆ ಮರಳುಗಾಡು, ಹಿಮ, ವಿಶಾಲ ದಿಗಂತ ಎಂದು ಭಾವಿಸುವವರು ಇದನ್ನು ಮರೆಯಬಾರದು. ಅವರು ಮೂಲತಃ ಕತ್ತರಿಯ ಮನುಷ್ಯ. 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ನಾಯಕ ಉರಿಯುವ ಕಡ್ಡಿಯನ್ನು ಊದಿ ಆರಿಸಿದೊಡನೆ ಪರದೆಯ ತುಂಬ ಮರುಭೂಮಿಯ ಸೂರ್ಯೋದಯ ಹರಡಿಕೊಳ್ಳುವ ಆ ಪ್ರಸಿದ್ಧ ಕ್ಷಣದಲ್ಲಿ ಕಾಣುವುದು ಕ್ಯಾಮೆರಾದ ಚಮತ್ಕಾರವಲ್ಲ, ಎರಡು ಚಿತ್ರಿಕೆಗಳ ನಡುವಿನ ಜೋಡಣೆ.

ನಿರ್ದೇಶನದ ಬಾಗಿಲು ತೆರೆದವರು ನಾಟಕಕಾರ ನೋಯೆಲ್ ಕವರ್ಡ್. ಯುದ್ಧಕಾಲದ 'ಇನ್ ವಿಚ್ ವಿ ಸರ್ವ್' (1942) ಚಿತ್ರವನ್ನು ಇಬ್ಬರೂ ಸೇರಿ ನಿರ್ದೇಶಿಸಿದರು. ಅದರಲ್ಲೊಂದು ಚಿಕ್ಕ ಪಾತ್ರದಿಂದ ಚಿತ್ರರಂಗ ಪ್ರವೇಶಿಸಿದ ಹುಡುಗನ ಹೆಸರು ರಿಚರ್ಡ್ ಅಟೆನ್‌ಬರೋ. ಈ ಹೆಸರು ಮುಂದೆ ಮತ್ತೆ ಬರಲಿದೆ.

ಮೂರು ವರ್ಷಗಳ ನಂತರ ಬಂದ 'ಬ್ರೀಫ್ ಎನ್‌ಕೌಂಟರ್' (1945) ಕೇವಲ 86 ನಿಮಿಷಗಳ ಚಿತ್ರ. ರೈಲು ನಿಲ್ದಾಣದ ಚಹಾದಂಗಡಿಯಲ್ಲಿ ಭೇಟಿಯಾಗುವ ಇಬ್ಬರು ವಿವಾಹಿತರು, ಅರಳುವ ಮುನ್ನವೇ ಮುದುಡುವ ಅವರ ಪ್ರೀತಿ, ಹೊಗೆಯುಗುಳುವ ಇಂಜಿನುಗಳು, ಹಿನ್ನೆಲೆಯಲ್ಲಿ ರಾಕ್ಮನಿನೋಫ್‌ನ ಪಿಯಾನೋ. ಇಷ್ಟೇ. ಆದರೆ ಸಿಲಿಯಾ ಜಾನ್ಸನ್ ಅವರ ಕಣ್ಣುಗಳಲ್ಲಿ ಒಂದು ಸಮಾಜದ ಇಡೀ ಸಂಯಮವೇ ತುಂಬಿಕೊಂಡಿತ್ತು. ಬೆನ್ನಿಗೇ ಡಿಕನ್ಸ್‌ನ ಎರಡು ಕಾದಂಬರಿಗಳು ಚಿತ್ರಗಳಾದವು: 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' (1946) ಮತ್ತು 'ಆಲಿವರ್ ಟ್ವಿಸ್ಟ್' (1948).

ಮೊದಲ ಇಳಿತವೂ ಇಲ್ಲಿಂದಲೇ ಆರಂಭ. ಅಲೆಕ್ ಗಿನ್ನೆಸ್ ಅಭಿನಯಿಸಿದ ಫ್ಯಾಗಿನ್ ಪಾತ್ರದ ವೇಷ ಯಹೂದಿಗಳನ್ನು ಹೀಗಳೆಯುತ್ತದೆ ಎಂಬ ಆಕ್ಷೇಪದಿಂದಾಗಿ 'ಆಲಿವರ್ ಟ್ವಿಸ್ಟ್' ಅಮೆರಿಕದಲ್ಲಿ ಬಿಡುಗಡೆಯಾದದ್ದು 1951ರಲ್ಲಿ, ಅದೂ ಕತ್ತರಿ ಪ್ರಯೋಗದ ನಂತರ. ಹಿಟ್ಲರನ ಶಿಬಿರಗಳ ನೆನಪು ಹಸಿಯಾಗಿದ್ದ ಕಾಲದಲ್ಲಿ ಆ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ನಂತರದ 'ದಿ ಪ್ಯಾಷನೇಟ್ ಫ್ರೆಂಡ್ಸ್' ಮತ್ತು 'ಮ್ಯಾಡಲೀನ್' ನಿರೀಕ್ಷೆ ಹುಸಿಗೊಳಿಸಿದವು. ಎರಡರಲ್ಲೂ ನಾಯಕಿ ಆನ್ ಟಾಡ್. ಆಕೆ ನಿರ್ದೇಶಕರ ಮೂರನೆಯ ಪತ್ನಿಯಾದರು. ಲೀನ್ ಒಟ್ಟು ಆರು ಬಾರಿ ವಿವಾಹವಾದವರು. ನಾಲ್ಕನೆಯ ಪತ್ನಿ ಹೈದರಾಬಾದಿನವರು. ಮನೆ ಕಟ್ಟಿಕೊಂಡು ಒಂದೆಡೆ ನಿಲ್ಲುವ ಸ್ವಭಾವ ಅವರದಾಗಿರಲಿಲ್ಲ.

'ಹಾಬ್ಸನ್ಸ್ ಚಾಯ್ಸ್' (1954) ಬರ್ಲಿನ್‌ನಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆದು ಅವರನ್ನು ಮತ್ತೆ ಮೇಲೆತ್ತಿತು. ವೆನಿಸ್‌ನಲ್ಲಿ ಚಿತ್ರೀಕರಿಸಿದ 'ಸಮ್ಮರ್‌ಟೈಮ್' (1955) ಅವರಿಗೆ ಬ್ರಿಟನ್ನಿನ ಹೊರಗಿನ ಬೆಳಕಿನ ರುಚಿ ಹತ್ತಿಸಿತು. ಅಲ್ಲಿಂದಾಚೆಗೆ ಅವರು ಸ್ಟುಡಿಯೋದ ನಾಲ್ಕು ಗೋಡೆಗಳಿಗೆ ಮರಳಿ ಒಗ್ಗಿಕೊಳ್ಳಲೇ ಇಲ್ಲ.

ಶಿಖರದ ದಿನಗಳು

ಸಿಂಹಳದ ಕಿತುಲ್ಗಲದ ಕಾಡಿನಲ್ಲಿ ನಿಜವಾದ ಮರದ ಸೇತುವೆ ಕಟ್ಟಿ, ನಿಜವಾದ ರೈಲಿನ ಸಮೇತ ಸಿಡಿಸಿ ತೆಗೆದ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' (1957) ಏಳು ಆಸ್ಕರ್ ಗೆದ್ದಿತು. ಅದರ ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್ ಕಮ್ಯುನಿಸ್ಟರೆಂಬ ಶಂಕೆಯಿಂದ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದರು. ಹೀಗಾಗಿ ಪ್ರಶಸ್ತಿ ಹೋದದ್ದು ಮೂಲ ಕಾದಂಬರಿಕಾರ ಪಿಯರ್ ಬೂಲ್ ಅವರಿಗೆ. ಆ ತಪ್ಪನ್ನು ಅಕಾಡೆಮಿ ಸರಿಪಡಿಸುವಷ್ಟರಲ್ಲಿ ಇಬ್ಬರು ಲೇಖಕರೂ ತೀರಿಕೊಂಡಿದ್ದರು.

ಇದರ ಬಳಿಕ ಲೀನ್ ಮತ್ತು ನಿರ್ಮಾಪಕ ಸ್ಯಾಮ್ ಸ್ಪೀಗಲ್ ಕೈಗೆತ್ತಿಕೊಳ್ಳಲು ಹೊರಟದ್ದು ಮಹಾತ್ಮ ಗಾಂಧಿಯವರ ಜೀವನವನ್ನು. ಕೊನೆಗೆ ಅದನ್ನು ಬದಿಗಿಟ್ಟು ಲಾರೆನ್ಸ್‌ನತ್ತ ತಿರುಗಿದರು. ಗಾಂಧಿ ಚಿತ್ರ 1982ರಲ್ಲಿ ಎಂಟು ಆಸ್ಕರ್‌ಗಳೊಂದಿಗೆ ಜಗತ್ತನ್ನು ಗೆದ್ದಾಗ ಅದರ ನಿರ್ದೇಶಕರು, ಲೀನ್ ಅವರ ಮೊದಲ ಚಿತ್ರದ ಆ ಹುಡುಗ ಅಟೆನ್‌ಬರೋ.

'ಲಾರೆನ್ಸ್ ಆಫ್ ಅರೇಬಿಯಾ' (1962) ಬಗ್ಗೆ ಹೇಳಿದಷ್ಟೂ ಕಡಿಮೆ. ಜೋರ್ಡಾನಿನ ಮರುಭೂಮಿ, ಸ್ಪೇನ್, ಮೊರಾಕ್ಕೋಗಳಲ್ಲಿ ಒಂದು ವರ್ಷಕ್ಕೂ ಮೀರಿ ಚಿತ್ರೀಕರಣ. ಮೂರೂವರೆ ಗಂಟೆಗೂ ಮಿಕ್ಕಿದ ಕಥೆ. ಮಾತನಾಡುವ ಒಂದೇ ಒಂದು ಸ್ತ್ರೀ ಪಾತ್ರವಿಲ್ಲ. ನಾಯಕ ಪೀಟರ್ ಓಟೂಲ್ ಅಂದು ಸಿನಿಮಾ ಪ್ರೇಕ್ಷಕರಿಗೆ ಬಹುತೇಕ ಅಪರಿಚಿತ. ಯಾವ ಲೆಕ್ಕಾಚಾರದಲ್ಲೂ ಗೆಲ್ಲಬಾರದಿದ್ದ ಈ ಚಿತ್ರ ಮತ್ತೆ ಏಳು ಆಸ್ಕರ್ ತಂದಿತು. ದಿಗಂತದ ಬಿಸಿಲ್ಗುದುರೆಯಿಂದ ಕಪ್ಪು ಚುಕ್ಕೆಯೊಂದು ಹೊರಟು, ನಿಧಾನವಾಗಿ ಒಂಟೆಯಾಗಿ, ಮನುಷ್ಯನಾಗಿ, ಒಮರ್ ಷರೀಫ್ ಆಗಿ ಎದುರು ನಿಲ್ಲುವ ದೃಶ್ಯಕ್ಕಾಗಿ ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ವಿಶೇಷ ಮಸೂರವನ್ನೇ ತರಿಸಿದ್ದರು. ಪ್ರೇಕ್ಷಕನನ್ನು ಅಷ್ಟು ಹೊತ್ತು ಸುಮ್ಮನೆ ಕಾಯಿಸುವ ಧೈರ್ಯ ಎಲ್ಲ ನಿರ್ದೇಶಕರಿಗೂ ಇರುವುದಿಲ್ಲ.

'ಡಾಕ್ಟರ್ ಜಿವಾಗೊ' (1965) ಗಲ್ಲಾಪೆಟ್ಟಿಗೆಯಲ್ಲಿ ಲಾರೆನ್ಸ್‌ನನ್ನೂ ಮೀರಿಸಿತು. ಸ್ಪೇನಿನಲ್ಲಿ ಮಾಸ್ಕೋದ ಬೀದಿ ಎದ್ದಿತು, ಮೇಣದಿಂದ ಹಿಮ ಸೃಷ್ಟಿಯಾಯಿತು, ಐದು ಆಸ್ಕರ್ ಬಂದವು. ಆದರೆ ವಿಮರ್ಶಕರ ಮುಖ ಅಷ್ಟರಲ್ಲೇ ಗಂಟಿಕ್ಕಿತ್ತು. ದೃಶ್ಯವೈಭವ ಹೆಚ್ಚಿದಷ್ಟೂ ಒಳಗಿನ ಮನುಷ್ಯ ಕುಗ್ಗುತ್ತಿದ್ದಾನೆ ಎಂಬುದು ಅವರ ದೂರು. ಐದು ವರ್ಷಗಳ ನಂತರದ 'ರಯಾನ್ಸ್ ಡಾಟರ್' ಆ ದೂರಿಗೆ ಸಾಕ್ಷ್ಯ ಒದಗಿಸಿದಂತಾಯಿತು. ಐರ್ಲೆಂಡಿನ ಡಿಂಗಲ್ ಕಡಲತೀರದಲ್ಲಿ ಕಲ್ಲಿನ ಊರೊಂದನ್ನೇ ಕಟ್ಟಿಸಿ, ಸರಿಯಾದ ಬಿರುಗಾಳಿಗಾಗಿ ತಿಂಗಳುಗಟ್ಟಲೆ ಕಾದು ತೆಗೆದ ಚಿತ್ರವದು. ಕಥೆ ಮಾತ್ರ ಒಬ್ಬ ಅತೃಪ್ತ ಹೆಂಡತಿಯ ಗುಟ್ಟಿನ ಪ್ರಣಯ. 86 ನಿಮಿಷಗಳಲ್ಲಿ ಹೇಳಬಹುದಾದ, ಹಿಂದೊಮ್ಮೆ ಹೇಳಿಯೂ ಇದ್ದ ಕಥೆಗೆ ಮೂರು ಗಂಟೆಗಳನ್ನೂ ಅಟ್ಲಾಂಟಿಕ್ ಸಾಗರವನ್ನೂ ಸುರಿಯಲಾಗಿತ್ತು. ನ್ಯೂಯಾರ್ಕಿನ ವಿಮರ್ಶಕರ ಭಾಷೆ ಹೀನವಾಗಿತ್ತು, ನಿಜ. ಆದರೆ 'ಬ್ರೀಫ್ ಎನ್‌ಕೌಂಟರ್' ಜತೆ ಅವರು ಮಾಡಿದ ಹೋಲಿಕೆ ಗುರಿತಪ್ಪಿದ್ದಲ್ಲ. ಬಹುಶಃ ಅದಕ್ಕೇ ಅದು ಅಷ್ಟು ಆಳವಾಗಿ ನಾಟಿತು.

ಕೈಗೂಡದ ಹಡಗು

ಹಾಗೆಂದು 14 ವರ್ಷ ಅವರು ಕೈಕಟ್ಟಿ ಕುಳಿತಿರಲಿಲ್ಲ. ಅಲೆದಾಡಿದರು, ಬರೆದರು, ಬಹುಕಾಲದ ಜತೆಗಾರ ರಾಬರ್ಟ್ ಬೋಲ್ಟ್ ಅವರೊಂದಿಗೆ 'ಬೌಂಟಿ' ಹಡಗಿನ ದಂಗೆಯ ಕಥೆಯನ್ನು ಎರಡು ಚಿತ್ರಗಳಾಗಿ ತೆಗೆಯಲು ಹಲವು ವರ್ಷ ಬೆವರು ಸುರಿಸಿದರು. ವೆಚ್ಚದ ಅಂದಾಜು ಕಂಡು ಹಣ ಹೂಡುವವರು ಹಿಂದೆ ಸರಿದರು. 1979ರಲ್ಲಿ ಬೋಲ್ಟ್ ಪಾರ್ಶ್ವವಾಯುವಿಗೆ ತುತ್ತಾದರು. ಅಷ್ಟೆಲ್ಲ ಶ್ರಮಕ್ಕೆ ತೆರೆಯ ಮೇಲೆ ಉಳಿದ ಫಲ, ಕ್ಯಾಪ್ಟನ್ ಕುಕ್‌ನ ಹಡಗಿನ ಲಂಗರನ್ನು ಕುರಿತ ಒಂದು ಸಣ್ಣ ಟಿ.ವಿ. ಸಾಕ್ಷ್ಯಚಿತ್ರ. ಆ ಚಿತ್ರಕಥೆಯನ್ನು ಆಧರಿಸಿದ 'ದಿ ಬೌಂಟಿ' 1984ರಲ್ಲಿ ತೆರೆಗೆ ಬಂದಾಗ ಅದರ ನಿರ್ದೇಶಕರು ರೋಜರ್ ಡೊನಾಲ್ಡ್‌ಸನ್. ಮೌನದ ಆ ವರ್ಷಗಳಿಗೆ ವಿಮರ್ಶಕರನ್ನಷ್ಟೇ ದೂರುವವರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. 1970ರ ದಶಕದ ಹಾಲಿವುಡ್ ಬದಲಾಗಿತ್ತು. ಬಿರುಗಾಳಿಗಾಗಿ ಕಾಯುವ ನಿರ್ದೇಶಕರಿಗೆ ಸಂಬಳ ಕೊಡುತ್ತಾ ಕೂರುವ ಸ್ಟುಡಿಯೋಗಳು ಕಡಿಮೆಯಾಗಿದ್ದವು.

ಅವರನ್ನು ಮರಳಿ ಕರೆತಂದದ್ದು ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'. ಅದರ ಚಿತ್ರಹಕ್ಕನ್ನು ಫಾರ್ಸ್ಟರ್ ಬದುಕಿರುವವರೆಗೂ ಯಾರಿಗೂ ಕೊಟ್ಟಿರಲಿಲ್ಲ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ಪುತ್ರಿ, ಲೇಖಕಿ ಸಾಂತಾ ರಾಮರಾವ್ ಅದನ್ನು ರಂಗಕ್ಕೆ ಅಳವಡಿಸಿದ್ದರು. ಚಿತ್ರಕಥೆಯನ್ನು ಮಾತ್ರ ಲೀನ್ ತಾವೇ ಬರೆದರು. ನಿರ್ದೇಶನವೂ ಅವರದೇ. ನಾಲ್ಕು ದಶಕಗಳ ನಂತರ ಮೊದಲ ಬಾರಿಗೆ ಸಂಕಲನಕಾರರ ಹೆಸರೂ ಅವರದೇ ಆಯಿತು.

ಕಾದಂಬರಿಯ ಮರಬಾರ್ ಗುಹೆಗಳಿಗೆ ಪ್ರೇರಣೆ ಬಿಹಾರದ ಬರಾಬರ್ ಗುಹೆಗಳು. ಅವನ್ನು ನೋಡಿಬಂದ ಲೀನ್‌ಗೆ ಆ ಬೆಟ್ಟಗಳು ಸಪ್ಪೆ ಎನಿಸಿದವು. ಅವರ ಕಣ್ಣು ನೆಟ್ಟದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗದ ಏಕಶಿಲೆಯ ಮೇಲೆ ಹಾಗೂ ರಾಮನಗರದ ರಾಮದೇವರ ಬೆಟ್ಟದ ಮೇಲೆ. ಗಬ್ಬರ್ ಸಿಂಗನ ಆರ್ಭಟಕ್ಕೆ ಸಾಕ್ಷಿಯಾಗಿ 'ಶೋಲೆ'ಯಿಂದ (1975) ದೇಶಕ್ಕೆಲ್ಲ ಪರಿಚಿತವಾಗಿದ್ದ ಬಂಡೆಗಳ ಸೀಮೆಯಿದು. ಬೇಕಾದ ಜಾಗದಲ್ಲಿ ಗುಹೆ ಇಲ್ಲದಿದ್ದರೇನು? ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಲಾಯಿತು. ಕಾಲ್ಪನಿಕ ಚಂದ್ರಾಪುರದ ಬಜಾರು ಬೆಂಗಳೂರು ಅರಮನೆಯ ಆವರಣದಲ್ಲಿ ಎದ್ದು ನಿಂತಿತು. ನಿರ್ದೇಶಕರಿಗಾಗ 75 ದಾಟಿತ್ತು.

ಚಿತ್ರೀಕರಣ ಸುಗಮವಾಗಿರಲಿಲ್ಲ. ನಾಯಕಿ ಜೂಡಿ ಡೇವಿಸ್ ಅವರೊಂದಿಗೆ ಜಟಾಪಟಿ ನಡೆಯಿತು. ಪ್ರೊಫೆಸರ್ ಗೋಡಬೋಲೆಯಾಗಿ ಅಭಿನಯಿಸಿದ ಗಿನ್ನೆಸ್ ಶ್ರಮಪಟ್ಟು ಕಲಿತ ನೃತ್ಯ ಕತ್ತರಿಗೆ ಬಲಿಯಾಯಿತು. ಆರು ಚಿತ್ರಗಳ ಸ್ನೇಹ ಅಲ್ಲಿಗೆ ಹಳಸಿತು. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಅವರಂಥ ಭಾರತೀಯ ನಟರು ಎದುರಿಗಿದ್ದಾಗ ಬ್ರಾಹ್ಮಣ ಪ್ರಾಧ್ಯಾಪಕನ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟನೇ ಏಕೆ ಬೇಕಿತ್ತು ಎಂಬ ಪ್ರಶ್ನೆಗೆ ಇಂದಿಗೂ ಸಮಾಧಾನಕರ ಉತ್ತರವಿಲ್ಲ. ಸಲ್ಮಾನ್ ರಶ್ದಿ ಈ ಚಿತ್ರವನ್ನು ಬ್ರಿಟಿಷರ ವಸಾಹತು ಹಂಬಲದ ಸಾಲಿಗೆ ಸೇರಿಸಿ ಕಟುವಾಗಿ ಬರೆದರು. ಕಾದಂಬರಿಯ ಕಹಿ ಮುಕ್ತಾಯವನ್ನು ಲೀನ್ ಮೆದುಗೊಳಿಸಿದ್ದೂ ನಿಜವೇ.

ಆದರೂ ಸೈಕಲ್ಲೇರಿ ಊರಾಚೆ ಹೋದ ಅಡೆಲಾ, ಪಾಳು ಗುಡಿಯ ಶೃಂಗಾರ ಶಿಲ್ಪಗಳನ್ನು ಕಂಡು ತನ್ನೊಳಗಿನ ತಳಮಳಕ್ಕೆ ತಾನೇ ಬೆಚ್ಚುವ ದೃಶ್ಯ ಕಾದಂಬರಿಯಲ್ಲಿ ಇಲ್ಲ. ಅದು ಪೂರ್ತಿಯಾಗಿ ಲೀನ್ ಕಲ್ಪನೆ. ಗುಹೆಯೊಳಗೆ ನಡೆದದ್ದೇನು ಎಂಬ ಒಗಟಿನ ಬೀಜವನ್ನು ಅವರು ಮಾತಿಲ್ಲದೆ ಅಲ್ಲಿ ಬಿತ್ತಿದರು. ಒಬ್ಬ ಹೆಂಗಸಿನ ಮುಖ, ಅದರ ಹಿಂದಿನ ಹೇಳಲಾಗದ ಗೊಂದಲ: 1945ರ ರೈಲು ನಿಲ್ದಾಣದ ಲೀನ್ ಇಲ್ಲಿ ಮರಳಿದ್ದರು. ಚಿತ್ರಕ್ಕೆ 11 ಆಸ್ಕರ್ ನಾಮನಿರ್ದೇಶನಗಳು ಬಂದವು. ಅವುಗಳಲ್ಲಿ ನಿರ್ದೇಶನ, ಚಿತ್ರಕಥೆ, ಸಂಕಲನ ಮೂರೂ ಲೀನ್ ಅವರದೇ. ಗೆದ್ದದ್ದು ಎರಡು: ಮಾರಿಸ್ ಜಾರ್ ಅವರ ಸಂಗೀತಕ್ಕೆ ಮತ್ತು 77ರ ಹರೆಯದ ಪೆಗಿ ಆಶ್‌ಕ್ರಾಫ್ಟ್ ಅವರ ಅಭಿನಯಕ್ಕೆ. ಅದೇ 1984ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

'ಲಾರೆನ್ಸ್' ಕೂಡ ಮರುಹುಟ್ಟು ಪಡೆಯಿತು. ವರ್ಷಗಳಿಂದ ತುಂಡರಿಸಿಹೋಗಿದ್ದ ಪ್ರತಿಯನ್ನು ರಾಬರ್ಟ್ ಹ್ಯಾರಿಸ್ ಜೋಡಿಸಿದರು. ಧ್ವನಿ ಕಳೆದುಹೋಗಿದ್ದ ಭಾಗಗಳಿಗೆ ಓಟೂಲ್ ಮತ್ತು ಗಿನ್ನೆಸ್ ಕಾಲು ಶತಮಾನದ ನಂತರ ಮತ್ತೆ ದನಿ ಕೊಟ್ಟರು. ಅಂತಿಮ ಕತ್ತರಿ ಲೀನ್ ಅವರದು. 1989ರಲ್ಲಿ ಅದು ಮರುಬಿಡುಗಡೆಯಾದಾಗ ಹೊಸ ಪೀಳಿಗೆಯೊಂದು ಬಾಯಿ ಬಿಟ್ಟುಕೊಂಡು ನೋಡಿತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1999ರಲ್ಲಿ ಪ್ರಕಟಿಸಿದ ಶತಮಾನದ 100 ಶ್ರೇಷ್ಠ ಬ್ರಿಟಿಷ್ ಚಿತ್ರಗಳ ಪಟ್ಟಿಯಲ್ಲಿ ಮೊದಲ ಐದರ ಪೈಕಿ ಮೂರು ಲೀನ್ ಅವರವು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಮರುಭೂಮಿಯಲ್ಲ, 86 ನಿಮಿಷಗಳ ಆ ಚಹಾದಂಗಡಿ.

1942ರಿಂದ 1955ರವರೆಗಿನ 13 ವರ್ಷಗಳಲ್ಲಿ ಅವರು ಮಾಡಿದ್ದು 11 ಚಿತ್ರಗಳು. ನಂತರದ 29 ವರ್ಷಗಳಲ್ಲಿ ಐದೇ ಐದು. ಹದಿನೇಳನೆಯದಾಗಿ ಜೋಸೆಫ್ ಕಾನ್ರಾಡ್‌ನ 'ನಾಸ್ಟ್ರೋಮೊ' ಸಿದ್ಧವಾಗುತ್ತಿತ್ತು. ಮೊದಲು ಸ್ಟೀವನ್ ಸ್ಪೀಲ್‌ಬರ್ಗ್ ನಿರ್ಮಾಪಕರಾಗಿದ್ದು ಹಿಂದೆ ಸರಿದರು. ಫ್ರಾನ್ಸಿನ ಸರ್ಜ್ ಸಿಲ್ಬರ್‌ಮನ್ ಮುಂದೆ ಬಂದರು. 80 ದಾಟಿದ ನಿರ್ದೇಶಕರ ಆರೋಗ್ಯವನ್ನು ನಂಬದ ವಿಮಾ ಕಂಪನಿಗಳು ಬದಲಿ ನಿರ್ದೇಶಕರನ್ನು ಸಿದ್ಧವಿಟ್ಟುಕೊಳ್ಳಬೇಕೆಂಬ ಷರತ್ತು ಹಾಕಿದವು. ಚೇತರಿಸಿಕೊಂಡಿದ್ದ ಬೋಲ್ಟ್ ಮತ್ತೆ ಚಿತ್ರಕಥೆಗೆ ಕೈಜೋಡಿಸಿದರು. ದಕ್ಷಿಣ ಫ್ರಾನ್ಸಿನ ನೀಸ್‌ನಲ್ಲಿ ಸೆಟ್ಟುಗಳ ಕೆಲಸ ಸಾಗಿತ್ತು. ಚಿತ್ರೀಕರಣಕ್ಕೆ ಕೆಲವೇ ವಾರಗಳಿದ್ದಾಗ ಗಂಟಲಿನ ಕ್ಯಾನ್ಸರ್ ಉಲ್ಬಣಿಸಿತು. 1991ರ ಏಪ್ರಿಲ್ 16ರಂದು, 83ನೆಯ ವಯಸ್ಸಿನಲ್ಲಿ ಡೇವಿಡ್ ಲೀನ್ ಲಂಡನ್‌ನಲ್ಲಿ ನಿಧನರಾದರು. ಬದಲಿ ನಿರ್ದೇಶಕರನ್ನು ಯಾರೂ ಕರೆಯಲಿಲ್ಲ. 'ನಾಸ್ಟ್ರೋಮೊ' ಅಲ್ಲಿಗೇ ನಿಂತಿತು.